ಬೆರಳಿನಡಿಯ ಮೊದಲ ಸಾಲು

ನಮ್ಮ ಪ್ರಿನ್ಸಿಪಾಲರ ಬಲಗೈ ಕಿರುಬೆರಳಿನ ಉಗುರು ಒಂದು ಅಂಗುಲ ಉದ್ದವಿತ್ತು. ಮಿಕ್ಕ ಒಂಬತ್ತನ್ನೂ ನೀಟಾಗಿ ಕತ್ತರಿಸಿ, ಅದೊಂದನ್ನು ಮಾತ್ರ ಮುದ್ದಿನಿಂದ ಬೆಳೆಸಿದ್ದರು. ಲಕೋಟೆ ಸೀಳುವುದು ಅದರಿಂದ, ನಶ್ಯದ ಡಬ್ಬಿ ತೆರೆಯುವುದು ಅದರಿಂದ, ನಮ್ಮ ಉತ್ತರಪತ್ರಿಕೆಯಲ್ಲಿ ತಪ್ಪು ಸಿಕ್ಕರೆ ಪರ್ರೆಂದು ಗೀಚುವುದೂ ಅದರಿಂದಲೇ. ತಪ್ಪು ಸಿಕ್ಕಿದಾಗ ಅವರ ಮುಖ ಅರಳುತ್ತಿತ್ತು. ತೀರಿಕೊಂಡವರ ಬಗ್ಗೆ ಹೀಗೆಲ್ಲ ಬರೆಯುತ್ತಾರೆಯೇ ಎಂದು ಯಾರಾದರೂ ಕೇಳಬಹುದು. ನಾನು ಬರೆಯುತ್ತೇನೆ, ಏನೀಗ?

ಆಗ ಯುದ್ಧದ ಕಾಲ. ನಾನು ಮಾಲೂರಿನಿಂದ ಬಂದು ಕೋಲಾರದ ಕಾಲೇಜಿನಲ್ಲಿ ಇಂಟರ್‌ಮೀಡಿಯೆಟ್ ಓದುತ್ತಿದ್ದೆ. ಪ್ರಿನ್ಸಿಪಾಲರು ಕ್ಲಾಸಿನ ಬಾಗಿಲಿಗೆ ಬಂದರೆ ಪಾಠ ಹೇಳುವವರೂ ನಿಲ್ಲಿಸಿ ಕೈಕಟ್ಟಿಕೊಳ್ಳಬೇಕು. ನಮ್ಮ ಫಿಸಿಕ್ಸ್ ಮೇಷ್ಟ್ರು ಒಂದು ದಿನ ಲೆಕ್ಕದ ನಡುವೆ ಇದ್ದವರು, "ಒಂದ್ನಿಮಿಷ ಸಾರ್, ಇದೊಂದು ಮುಗಿಸ್ಬಿಡ್ತೀನಿ" ಅಂದುಬಿಟ್ಟರು. ಅವರು ಮುಳಬಾಗಿಲು ಕಡೆಯವರು, ಮನೆಮಾತು ತೆಲುಗು, ಇನ್ನೂ ಚಿಕ್ಕ ವಯಸ್ಸು, ಕೆಲಸ ಖಾಯಂ ಆಗಿರಲಿಲ್ಲ. ಪ್ರಿನ್ಸಿಪಾಲರು ಬಾಗಿಲಲ್ಲೇ ಕಾದು ನಿಂತರು.

ಮುಂದಿನ ವಾರ ನಮ್ಮ ಕ್ಲಾಸಿಗೆ ಬಂದು, "ಫಿಸಿಕ್ಸ್ ಪಾಠ ಹೇಗೆ ನಡೀತಿದೆ, ಬರೆದು ಕೊಡಿ. ಹೆಸರು ಹಾಕ್ಬೇಡಿ. ನೀವು ಹೇಳಿದ್ರೆ ತಾನೇ ನಾವು ಸುಧಾರಿಸೋಕಾಗೋದು?" ಎಂದರು. ಎಂಥ ಬೆಣ್ಣೆ ಮಾತು! ಕಾಗದ ಸಿಗದ ಕಾಲ ಅದು. ಅಪ್ಪ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತರಾಗಿದ್ದರು. ಗಾಡಿಗೆ ಹೆಂಚು ಏರಿಸಿದ ಲೆಕ್ಕದ ಹಳೆಯ ಚೀಟಿಗಳ ಹಿಂಬದಿಯಲ್ಲೇ ನನ್ನ ಬರವಣಿಗೆಯೆಲ್ಲ ನಡೆಯುತ್ತಿತ್ತು. ಅಂಥದ್ದೇ ಒಂದರ ಹಿಂದೆ ಬರೆದೆ: "ಇವರಷ್ಟು ಪ್ರೀತಿಯಿಂದ ಯಾರೂ ನಮಗೆ ಪಾಠ ಹೇಳಿಲ್ಲ. ಆದರೆ ಬೋರ್ಡಿನ ಕಡೆ ತಿರುಗಿ ಮಾತಾಡುವುದರಿಂದ ಕೇಳಿಸುವುದಿಲ್ಲ. ನಾವು ಬರೆದುಕೊಳ್ಳುವ ಮೊದಲೇ ಅಳಿಸುತ್ತಾರೆ." ದಡ್ಡ ನಾನು! ಚೀಟಿಯ ಮುಂಬದಿಯಲ್ಲಿ ಕಾರ್ಖಾನೆಯ ಮೊಹರು ಇದೆಯೆಂಬುದು ಹೊಳೆಯಲೇ ಇಲ್ಲ.

ಮಾರನೆಯ ದಿನ ಜವಾನ ಬಂದು ಕರೆದ. ಆಫೀಸಿನಲ್ಲಿ ಫಿಸಿಕ್ಸ್ ಮೇಷ್ಟ್ರು ನಿಂತಿದ್ದರು. ಎರಡು ಕುರ್ಚಿ ಖಾಲಿ ಇದ್ದರೂ ಅವರನ್ನು ಕೂರಿಸಿರಲಿಲ್ಲ.

"ಮಾಲೂರಿನವನು ಕ್ಲಾಸಲ್ಲಿ ನೀನೊಬ್ನೇ ತಾನೆ? ಓದಯ್ಯಾ, ಇವರೂ ಕೇಳ್ಲಿ" ಎಂದು ಪ್ರಿನ್ಸಿಪಾಲರು ನನ್ನ ಚೀಟಿಯನ್ನು ಮೇಜಿನ ಮೇಲೆ ಒತ್ತಿ ಹಿಡಿದರು. ನಾನು ಬಾಯಿ ತೆರೆಯುವ ಮೊದಲೇ ಮೊದಲ ಸಾಲಿನ ಮೇಲೆ ಬೆರಳನ್ನು ಅಡ್ಡ ಇಟ್ಟು, "ಅದು ಬೇಡ. ಇಲ್ಲಿಂದ ಓದು" ಎಂದರು. ಥೂ, ನನ್ನ ಪುಕ್ಕಲುತನವೇ! ಅವರು ತೋರಿಸಿದಲ್ಲಿಂದಲೇ ಓದಿದೆ.

"ಅವುನಾ?" ಎಂದು ಮೇಷ್ಟ್ರ ಬಾಯಲ್ಲಿ ತೆಲುಗು ಬಂದುಬಿಟ್ಟಿತು. "ಬೋರ್ಡ್ ಕಡೆ ತಿರುಗ್ತೀನಾ? ನನಗೆ ಗೊತ್ತೇ ಇರ್ಲಿಲ್ವಲ್ಲಪ್ಪಾ! ಇಷ್ಟೇ ತಾನೇ ಸಾರ್, ನಾಳೆಯಿಂದಾನೇ ಸರಿ ಮಾಡ್ಕೋತೀನಿ."

"ಸರಿ ಮಾಡ್ಕೊಳ್ಳಿ ಅಂತ ನಾನೆಲ್ಲಿ ಹೇಳ್ದೆ? ಹುಡುಗರಿಗೇ ನೀವು ಬೇಡ ಕಣ್ರೀ. ಶನಿವಾರದವರೆಗೆ ಬನ್ನಿ, ಸಾಕು."

ಮಾರನೆಯ ದಿನ ಮೇಷ್ಟ್ರು ನಮ್ಮ ಕಡೆ ಮುಖ ಮಾಡಿಕೊಂಡೇ ಪಾಠ ಹೇಳಿದರು. ಒಂದೊಂದು ಸಾಲು ಬರೆದಾಗಲೂ ಪಕ್ಕಕ್ಕೆ ಸರಿದು, "ಆಯ್ತೇನ್ರಪ್ಪಾ? ಅಳಿಸ್ಲಾ?" ಎಂದು ಕೇಳಿದರು. ಅದುವರೆಗೆ ಕಗ್ಗಂಟಾಗಿದ್ದ ಮಸೂರದ ಲೆಕ್ಕ ಅಂದು ಹಿಂದಿನ ಬೆಂಚಿನವರಿಗೂ ಅರ್ಥವಾಯಿತು. ತಿದ್ದಿಕೊಳ್ಳಲು ಅವರಿಗೆ ಒಂದು ದಿನ ಸಾಕಾಗಿತ್ತು, ಒಂದೇ ದಿನ! ಪಕ್ಕದಲ್ಲಿದ್ದ ಗೆಳೆಯ, "ಲೇ, ಇಂಥೋರನ್ನ ಯಾಕೋ ಕಳಿಸ್ತಿದಾರೆ?" ಎಂದ. ನಾನು ತಲೆ ತಗ್ಗಿಸಿ ಲೆಕ್ಕ ಬರೆದುಕೊಳ್ಳುತ್ತ ಕೂತೆ.

ಶನಿವಾರ ಮಧ್ಯಾಹ್ನ ಅವರು ಟ್ರಂಕು ಹಿಡಿದು ಮುಳಬಾಗಿಲಿನ ಬಸ್ಸು ಹತ್ತಿದ್ದನ್ನು ಕಾಫಿ ಹೋಟೆಲಿನ ಕಂಬದ ಮರೆಯಿಂದ ನೋಡಿದೆ. ಪೆಟ್ರೋಲ್ ಸಿಗದೆ ಇದ್ದಿಲಿನಿಂದ ಓಡುತ್ತಿದ್ದ ಬಸ್ಸು ಅದು. ಇದ್ದಿಲು ಹೊತ್ತಿಕೊಳ್ಳಲು ಅರ್ಧ ಗಂಟೆ ಹಿಡಿಯಿತು. ಅಷ್ಟೂ ಹೊತ್ತು ನಾನು ಕಂಬ ಬಿಟ್ಟು ಕದಲಲಿಲ್ಲ.

ಮುಂದೆ ನಾನೂ ಅದೇ ಕಾಲೇಜಿನಲ್ಲಿ ಮೇಷ್ಟ್ರಾದೆ. ಹುಡುಗರಿಂದ ಚೀಟಿ ಬರೆಸುತ್ತೇನೆ, ನಾನೊಬ್ಬನೇ ಓದುತ್ತೇನೆ, ಬೈದಿದ್ದರೆ ಒಂದು ಹೊತ್ತು ಉರಿದುಕೊಂಡು ಆಮೇಲೆ ತಿದ್ದಿಕೊಳ್ಳುತ್ತೇನೆ. ಹೇಗೆ ಮಾಡಬಾರದು ಎಂದು ಕಲಿಸಿದ್ದಕ್ಕೆ ಪ್ರಿನ್ಸಿಪಾಲರ ಋಣ ನನ್ನ ಮೇಲಿದೆ, ಅದಕ್ಕಿಂತ ಹೆಚ್ಚಿಲ್ಲ. ಅವರು ತೀರಿಕೊಂಡಾಗ ಸಂತಾಪಸಭೆಯಲ್ಲಿ, "ಒಂದೆರಡು ಒಳ್ಳೆ ಮಾತು ಹೇಳ್ರಿ" ಎಂದು ನನ್ನನ್ನು ಎಬ್ಬಿಸಿದರು. "ಅವರು ಒಂದು ದಿನವೂ ತಡವಾಗಿ ಬಂದವರಲ್ಲ" ಎಂದು ಹೇಳಿ ಕೂತೆ. ಅದು ನಿಜ. ಅವರ ಪಾಲಿನ ಒಳ್ಳೆಯ ಮೊದಲ ಸಾಲನ್ನು ನಾನು ಬೆರಳಿಟ್ಟು ಮುಚ್ಚಲಿಲ್ಲ.

ಆ ಸಭೆ ಮುಗಿದ ವಾರವೇ ಫಿಸಿಕ್ಸ್ ಮೇಷ್ಟ್ರನ್ನು ಹುಡುಕಿಕೊಂಡು ಮುಳಬಾಗಿಲಿನ ಹತ್ತಿರದ ಬೈರಕೂರಿಗೆ ಹೋದೆ. ಅವರು ತೀರಿಕೊಂಡು ಎರಡು ವರ್ಷವಾಗಿತ್ತು. "ಅಣ್ಣ ಆಮೇಲೆ ಎಲ್ಲೂ ಪಾಠ ಹೇಳ್ಲಿಲ್ಲ" ಎಂದರು ಅವರ ತಂಗಿ. "ಹುಡುಗ್ರಿಗೇ ನಾನು ಬೇಡವಾದೆ ಅಂತಿದ್ರು."

ನಾನು ಆ ಮೊದಲ ಸಾಲನ್ನು ಆಕೆಗೆ ಹೇಳಿದೆ. ಆಕೆ ನನ್ನ ಮುಖವನ್ನೇ ನೋಡಿದರು.

"ಅವತ್ತೇ ಹೇಳ್ಬಾರ್ದಿತ್ತೇನಪ್ಪಾ?"