ನಾಗತ್ತೆಯ ದೆಹಲಿ ಪ್ರಸ್ಥಾನ

ನಿನ್ನೆ ಸಂಜೆ ಕೊಪ್ಪದಿಂದ ಬಂದವಳು ಸೋಪು ಹಾಕಿ ಕೈ ತೊಳೆದಿದ್ದೇನೆ, ಆದರೂ ಬೆರಳುಗಳಿಂದ ಲಾವಂಚದ ವಾಸನೆ ಹೋಗಿಲ್ಲ. ಹೋಗದಿದ್ದರೇ ಒಳ್ಳೆಯದು ಅನ್ನಿಸುತ್ತಿದೆ. ಲಾವಂಚದ ಬೇರನ್ನು ಬಟ್ಟೆಯ ಮಡಿಕೆಗಳ ನಡುವೆ ಇಟ್ಟು ಪೆಟ್ಟಿಗೆ ಮುಚ್ಚುವ ಮನೆಗಳು ಈಗ ಎಷ್ಟು ಉಳಿದಿವೆಯೋ ಗೊತ್ತಿಲ್ಲ. ನಿಮ್ಮ ಅಜ್ಜಿಯ ಸೀರೆಯನ್ನು ಯಾವತ್ತಾದರೂ ಮುಖಕ್ಕೆ ಒತ್ತಿಕೊಂಡಿದ್ದರೆ ನಾನು ಯಾವ ವಾಸನೆಯ ಮಾತಾಡುತ್ತಿದ್ದೇನೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಬರುವ ತಿಂಗಳು ನಾನೂ ನನ್ನ ಯಜಮಾನರೂ ಮೂರು ದಿನದ ಮಟ್ಟಿಗೆ ದೆಹಲಿ ನೋಡಲು ಹೊರಟಿದ್ದೇವೆ. ಶೃಂಗೇರಿಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗಲೆಲ್ಲ ಅದೇ ಮಾತು, ಯಾವ ದಿನ ಯಾವುದನ್ನು ನೋಡುವುದು, ಎಲ್ಲಿ ಉಳಿಯುವುದು. ಇವರು ಮೊಬೈಲಿನಲ್ಲಿ ದೆಹಲಿಯನ್ನು ಬೆರಳಿನಿಂದ ಹಿಗ್ಗಿಸಿ ರಸ್ತೆ, ಮರ, ನೆರಳು ಎಲ್ಲವನ್ನೂ ತೋರಿಸುತ್ತಾರೆ. ನೋಡುತ್ತೇನೆ, ಬೆರಗಾಗುವುದಿಲ್ಲ. ದೆಹಲಿಯ ಮುಂದೆ ಬಾಯಿ ಬಿಟ್ಟುಕೊಂಡು ನಿಲ್ಲುವುದೆಲ್ಲ ನನಗೆ ಚಿಕ್ಕಂದಿನಲ್ಲೇ ಆಗಿಹೋಗಿದೆ, ಅದೂ ಕೊಪ್ಪದ ಪೇಟೆಯ ಒಂದು ಹಿಟ್ಟಿನ ಗಿರಣಿಯೊಳಗೆ.

ಗಿರಣಿ ನಮ್ಮದೇ. ಮುಂದೆ ಗಿರಣಿ, ಹಿಂದೆ ಮನೆ, ನಡುವೆ ಒಂದು ಬಾಗಿಲು. ಆ ಬಾಗಿಲು ಎಷ್ಟು ಮುಚ್ಚಿದರೂ ಹಿಟ್ಟು ಒಳಗೆ ಬರುತ್ತಿತ್ತು. ದೇವರ ಪಟದ ಮೇಲೆ, ಉಪ್ಪಿನಕಾಯಿ ಭರಣಿಯ ಬಟ್ಟೆಯ ಮೇಲೆ, ನಮ್ಮ ಹುಬ್ಬುಗಳ ಮೇಲೆ ಸಣ್ಣಗೆ ಕೂರುತ್ತಿತ್ತು. ಅಪ್ಪ ಶಾಲೆಯ ಮೇಷ್ಟ್ರು, ಯಂತ್ರವೆಂದರೆ ಮಾರು ದೂರ. ಗಿರಣಿಯನ್ನು ನಡೆಸುತ್ತಿದ್ದವಳು ಅಪ್ಪನ ಅಕ್ಕ, ನಮ್ಮ ನಾಗತ್ತೆ. ಮದುವೆ ಬೇಡ ಎಂದು ಯಾಕೆ ಹೇಳಿದಳೋ ಯಾರಿಗೂ ಗೊತ್ತಿರಲಿಲ್ಲ, ಕೇಳುವ ಧೈರ್ಯವೂ ಯಾರಿಗೂ ಇರಲಿಲ್ಲ. ಬೀಳುವ ಹಿಟ್ಟನ್ನು ಎರಡು ಬೆರಳಲ್ಲಿ ಉಜ್ಜಿ ನೋಡಿ, ಕಲ್ಲನ್ನು ಒಂದಿಷ್ಟು ಬಿಗಿ ಮಾಡಿ, ಆ ಗದ್ದಲವನ್ನೂ ಮೀರಿಸಿ ಮಾತಾಡುತ್ತಿದ್ದಳು. ಗಿರಣಿ ನಿಂತ ಮೇಲೂ ಅವಳ ಸ್ವರ ಇಳಿಯುತ್ತಿರಲಿಲ್ಲ. ಮನೆಯಲ್ಲಿ ಗುಟ್ಟು ಎಂಬುದು ಉಳಿಯದಿರಲು ಅದೇ ಕಾರಣ.

ಗಿರಣಿಯ ಗೋಡೆಯಲ್ಲಿ ಒಂದು ಹಳೆಯ ಕ್ಯಾಲೆಂಡರ್ ಇತ್ತು. ವರ್ಷ ಮುಗಿದರೂ ಅತ್ತೆ ಅದನ್ನು ತೆಗೆದಿರಲಿಲ್ಲ, ಯಾಕೆಂದರೆ ಅದರಲ್ಲಿ ದೆಹಲಿಯ ಪಾರ್ಲಿಮೆಂಟಿನ ಚಿತ್ರವಿತ್ತು. ದುಂಡಗೆ, ಸುತ್ತಲೂ ಕಂಬ, ಒಳಗೆಲ್ಲೋ ದೇಶ ನಡೆಸುವವರು. ದಿನಾ ಸಂಜೆ ಬೆಲ್ಟು ಇಳಿಸಿದ ಮೇಲೆ ಸೆರಗಿನಿಂದ ಅದರ ಮೇಲಿನ ಹಿಟ್ಟು ಒರೆಸಿ, ಹಿಂದೆ ಸರಿದು ನಿಂತು ನೋಡುತ್ತಿದ್ದಳು. "ಎಂತ ಮಾರಾಯ್ತಿ ಇದು, ಇಷ್ಟು ದೊಡ್ಡ ಬೀಸೋಕಲ್ಲು!" ಎಂದು ಪ್ರತಿ ಸಲವೂ ಹೊಸದಾಗಿ ಕಂಡವಳಂತೆ ಹೇಳುತ್ತಿದ್ದಳು. ಅವಳಿಗಿದ್ದದ್ದು ಒಂದೇ ಆಸೆ. ಅದರ ಸುತ್ತ ಒಂದು ಸುತ್ತು ನಡೆದು ಬರಬೇಕು. ಒಳಗೆ ಹೋಗುವುದು ಬೇಡ, ಯಾರನ್ನೂ ಕಾಣುವುದು ಬೇಡ. ಜೀವಮಾನವಿಡೀ ಕಲ್ಲು ತಿರುಗುವುದನ್ನು ನಿಂತು ನೋಡಿದವಳಿಗೆ, ನಿಂತ ಕಲ್ಲಿನ ಸುತ್ತ ತಾನು ತಿರುಗಬೇಕು ಅನ್ನಿಸಿತ್ತೋ ಏನೋ.

ಆಗ ಅಮ್ಮನ ತಮ್ಮ, ನನ್ನ ಸೋದರಮಾವ, ದೆಹಲಿಯ ಒಂದು ಕಚೇರಿಯಲ್ಲಿ ಗುಮಾಸ್ತನಾಗಿದ್ದ. ವರ್ಗವಾಗುವುದರೊಳಗೆ ಒಮ್ಮೆ ಬಂದು ಹೋಗಿ, ಮೂರು ದಿನ ಸಾಕು, ಎಲ್ಲ ತೋರಿಸುತ್ತೇನೆ ಎಂದು ಕರೆದ. ಅಮ್ಮ, ಅತ್ತೆ ಮತ್ತು ನಾನು ಹೋಗುವುದೆಂದಾಯಿತು. ಅಲ್ಲಿಂದ ಶುರುವಾಯಿತು ನೋಡಿ. ಮಾವ ಕಾರ್ಡಿನಲ್ಲಿ ಗೀಚಿ ಕಳಿಸಿದ್ದ ರಸ್ತೆಗಳನ್ನು ಅತ್ತೆ ಗಿರಣಿಯ ಅಗಲವಾದ ಹಲಗೆಯ ಮೇಲೆ ಕೂತ ಹಿಟ್ಟಿನಲ್ಲಿ ಬೆರಳಿಂದ ಬರೆಯುತ್ತಿದ್ದಳು. ಇದು ರೈಲು ನಿಲ್ಲುವ ಜಾಗ, ಇದು ಕೆಂಪುಕೋಟೆ, ಇಲ್ಲಿ ಸೈನಿಕರ ಹೆಸರು ಕೊರೆದ ದೊಡ್ಡ ಕಮಾನು, ಇಲ್ಲಿಂದ ನೇರ ಹೋದರೆ ಬೀಸೋಕಲ್ಲು. ಅಕ್ಕಿ, ರಾಗಿಯ ಚೀಲ ಹಿಡಿದು ಸರದಿಗೆ ನಿಂತವರೆಲ್ಲ ಬಗ್ಗಿ ನೋಡುತ್ತಿದ್ದರು. ಬಸರೀಕಟ್ಟೆಯ ಎಸ್ಟೇಟಿನ ಜೀಪು ಓಡಿಸುತ್ತಿದ್ದವನೊಬ್ಬ, "ನಾಗಕ್ಕ, ಆ ರಸ್ತೇಲಿ ಮಳೆಗಾಲದಲ್ಲಿ ಜೀಪು ಹೋಗ್ತದಾ?" ಎಂದು ನಿಜವಾದ ಕಾಳಜಿಯಿಂದ ಕೇಳಿದ್ದ. ಗಿರಣಿ ಶುರುವಾದರೆ ಹಲಗೆ ಅದುರಿ, ದೆಹಲಿ ಮೆಲ್ಲಗೆ ಅಳಿಸಿಹೋಗುತ್ತಿತ್ತು. ಮರುದಿನ ಅತ್ತೆ ಮತ್ತೆ ಬರೆಯುತ್ತಿದ್ದಳು. ನಾನು ಉಸಿರಾಡಿದರೆ ಕೋಟೆ ಹಾರಿಹೋದೀತೆಂದು ಮೂಗು ಹಿಡಿದು ನಿಲ್ಲುತ್ತಿದ್ದೆ. ನಿಜವಾದ ದೆಹಲಿ ಇನ್ನು ಹೇಗೇ ಇರಲಿ, ಅಷ್ಟು ಬೆಳ್ಳಗೆ, ಅಷ್ಟು ಮೆತ್ತಗೆ ಇರಲಾರದು.

ಕಟ್ಟಿಕೊಂಡ ಸಾಮಾನು ನೆನೆದರೆ ಈಗಲೂ ನಗು ಬರುತ್ತದೆ. ಎದುರು ಮನೆಯ ಸೀತಕ್ಕ ರವಿಕೆ ಹೊಲಿಯುವವರು, ಅತ್ತೆಯ ಜೀವದ ಗೆಳತಿ. ಡೇರೆ ಬಟ್ಟೆಯಲ್ಲಿ ಗಟ್ಟಿಮುಟ್ಟಾದ ಒಂದು ಚೀಲ ಹೊಲಿದುಕೊಟ್ಟರು. ಅದಕ್ಕೆ ಕೆಂಪಂಚಿನ ಹಸಿರು ಸೀರೆ, ಅಮ್ಮ ಹೆಣೆದ ಸ್ವೆಟರು, ಮಡಿಕೆ ಮಡಿಕೆಗೂ ಲಾವಂಚ ಸೇರಿದವು. ಕೊನೆಗೆ ಒಂದು ಪೊಟ್ಟಣ ಹೊಗೆಸೊಪ್ಪು ಮತ್ತು ಸುಣ್ಣ. ಅತ್ತೆ ಎಲೆಯಡಿಕೆಯನ್ನೇ ಹಾಕದವಳು. ಇದೆಂತಕ್ಕೆ ಎಂದು ಅಮ್ಮ ಕೇಳಿದರೆ, ಮಾವನ ಕಾರ್ಡಿನ ಮೇಲಿದ್ದ ಕಮಾನಿನ ಚಿತ್ರ ತೋರಿಸಿ, "ಇಷ್ಟು ಹುಲ್ಲಿದೆ ನೋಡು. ಉಂಬಳ ಹತ್ತದೆ ಬಿಡ್ತದಾ?" ಅಂದಳು. ಹುಲ್ಲು ಹಸುರಾಗಿದ್ದ ಕಡೆ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳವಿಲ್ಲದ, ಹೊಗೆಸೊಪ್ಪು ಸುಣ್ಣ ಬಳಿದುಕೊಳ್ಳಬೇಕಿಲ್ಲದ ಭೂಮಿ ಇರಬಹುದೆಂಬುದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಅಮ್ಮ ತನಗೂ ಒಂದು ಪೊಟ್ಟಣ ಕಟ್ಟಿಕೊಂಡಳು.

ಬೀರೂರಿನಲ್ಲಿ ರೈಲು ಹತ್ತುವ ದಿನ ಮಂಗಳವಾರ ಬಂದಿತ್ತು. ಮಂಗಳವಾರ ಉತ್ತರ ದಿಕ್ಕಿಗೆ ಹೊರಡಬಾರದು, ಶೂಲೆ. ಅದಕ್ಕೆ ನಮ್ಮಲ್ಲಿ ಒಂದು ದಾರಿ ಇತ್ತು, ಪ್ರಸ್ಥಾನ ಇಡುವುದು. ಒಳ್ಳೆಯ ದಿನ ನೋಡಿ, ಹೋಗುವವರ ಗಂಟನ್ನು ಹೋಗುವ ದಿಕ್ಕಿನಲ್ಲಿರುವ ಬೇರೆ ಮನೆಯಲ್ಲಿ ಇಟ್ಟುಬಿಟ್ಟರೆ ಆಯಿತು, ಅವರು ಹೊರಟ ಲೆಕ್ಕ. ಆಮೇಲೆ ಯಾವ ವಾರ ಬೇಕಾದರೂ ಹೋಗಬಹುದು. ಆದರೆ ಇಟ್ಟ ಗಂಟನ್ನು ತಿರುಗಿ ಮನೆಗೆ ತರುವ ಹಾಗಿಲ್ಲ, ತಂದರೆ ಪ್ರಯಾಣ ಮುರಿದ ಹಾಗೆ. ನಮ್ಮ ಮನೆಗೆ ಉತ್ತರಕ್ಕಿದ್ದದ್ದು ಸೀತಕ್ಕನ ಮನೆ. ಭಾನುವಾರ ಬೆಳಿಗ್ಗೆ, ಹಿರಿಯಳೆಂದು ಮೂವರ ಪರವಾಗಿ, ಅತ್ತೆ ಸ್ನಾನ ಮಾಡಿ, ದೇವರಿಗೆ ಕೈಮುಗಿದು, ಚೀಲ ಹೆಗಲಿಗೇರಿಸಿ ರಸ್ತೆ ದಾಟಿದಳು. ಹಿಂದೆ ನಾನು. ಹತ್ತು ಹೆಜ್ಜೆಯ ಆ ರಸ್ತೆ ಅವತ್ತು ಎಷ್ಟು ಅಗಲವಿತ್ತು! ಅಂಗಡಿಯವರು ಎದ್ದು ನಿಂತು ನೋಡಿದರು. ಸೀತಕ್ಕ ಚೀಲ ಇಸಿದುಕೊಂಡು ಅಟ್ಟದ ಮೇಲಿಟ್ಟು, "ಹೊರಟ್ಯಲ್ಲೇ ನಾಗು" ಅಂದರು. ಅತ್ತೆಯ ಕಣ್ಣು ತುಂಬಿದ್ದನ್ನು ನಾನು ಮೊದಲ ಬಾರಿ ನೋಡಿದ್ದು ಆಗ.

ಅತ್ತೆ ಇಲ್ಲದ ದಿನಗಳಲ್ಲಿ ಗಿರಣಿ ನಡೆಸಲೆಂದು ಅಪ್ಪ ಶಾಲೆಗೆ ರಜೆ ಹಾಕಿ ಒಂದು ವಾರದಿಂದ ಕಲಿಯುತ್ತಿದ್ದ. ಸೋಮವಾರ ಮಧ್ಯಾಹ್ನ, ನಾವು ಹೊರಡುವ ಹಿಂದಿನ ದಿನ, ಜಾರಿದ ಬೆಲ್ಟನ್ನು ಸರಿಮಾಡಲು ಹೋಗಿ ಅಪ್ಪನ ಬಲಗೈ ಚಕ್ರಕ್ಕೆ ಸಿಕ್ಕಿತು. ಆ ಕೂಗು ನಾನು ಹೇಳಲಾರೆ. ಅತ್ತೆ ಹಾರಿಬಂದು ಯಂತ್ರ ನಿಲ್ಲಿಸಿದಳು, ಅದೇ ಬಸರೀಕಟ್ಟೆಯ ಜೀಪಿನಲ್ಲಿ ಶಿವಮೊಗ್ಗದ ಆಸ್ಪತ್ರೆಗೆ ಒಯ್ದರು. ಕೈ ಉಳಿಯಿತು, ಬೆರಳುಗಳು ಮತ್ತೆ ನೆಟ್ಟಗಾಗಲಿಲ್ಲ. ಹಾಸಿಗೆಯಲ್ಲಿ ಅಪ್ಪ ಮಗುವಿನ ಹಾಗೆ ಅಳುತ್ತ, "ಅಕ್ಕಾ, ನಿನ್ನ ದೆಹಲಿ ಹಾಳು ಮಾಡಿಬಿಟ್ಟೆ" ಅಂದ. ಅತ್ತೆ ಗಂಜಿಯ ಲೋಟ ಅವನ ಬಾಯಿಗೆ ಹಿಡಿದು, "ದೆಹಲಿ ಎಂತ ಓಡಿಹೋಗ್ತದಾ ಮಾರಾಯ? ನೀನು ಕುಡಿ ಮೊದ್ಲು" ಅಂದಳು. ಅಪ್ಪ ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯುವುದನ್ನು ಕಲಿಯುವ ಹೊತ್ತಿಗೆ ಮಾವನಿಗೆ ವರ್ಗವಾಗಿತ್ತು.

ಚೀಲ ಮಾತ್ರ ಸೀತಕ್ಕನ ಅಟ್ಟದಲ್ಲೇ ಉಳಿಯಿತು. ಪ್ರಸ್ಥಾನ ಅಷ್ಟು ದಿನ ನಿಲ್ಲುವುದಿಲ್ಲ, ಶಾಂತಿ ಮಾಡಿಸಿ ಮನೆಗೆ ತಂದುಬಿಡಿ ಎಂದು ಪುರೋಹಿತರು ಹೇಳಿದರೆ, "ಅದು ನಿಮ್ಮ ಪಂಚಾಂಗದಲ್ಲಿ ಭಟ್ಟರೇ. ನಂದು ನಿಂತಿದೆ, ಬೇಕಾದ್ರೆ ಅಟ್ಟ ಹತ್ತಿ ನೋಡಿ ಬನ್ನಿ" ಎಂದು ಅತ್ತೆ ಅಕ್ಕಿಯ ಚೀಲವನ್ನು ಗಿರಣಿಯ ಬಾಯಿಗೆ ಸುರಿದಳು. ಆಮೇಲೆ ಯಾರಾದರೂ ಕೆಣಕಲೆಂದು ದೆಹಲಿಗೆ ಯಾವಾಗ ಹೋಗೋದು ನಾಗಕ್ಕ ಎಂದು ಕೇಳಿದರೆ ಅವಳದು ಒಂದೇ ಉತ್ತರ, "ದಾರೀಲಿದೀನಿ." ಕೇಳಿದವರು ನಗುತ್ತಿದ್ದರು, ಅವಳು ನಗುತ್ತಿರಲಿಲ್ಲ. ವರ್ಷಕ್ಕೊಮ್ಮೆ, ಮಳೆ ಮುಗಿದ ಮೇಲೆ, ಹೊಸ ಲಾವಂಚ ತೆಗೆದುಕೊಂಡು ರಸ್ತೆ ದಾಟುತ್ತಿದ್ದಳು. ಸೀರೆ, ಸ್ವೆಟರು ಬಿಸಿಲಿಗೆ ಹಿಡಿದು, ಹಳೆಯ ಬೇರು ತೆಗೆದು ಹೊಸದು ಇಟ್ಟು, ಚೀಲವನ್ನು ಮತ್ತೆ ಮೇಲಿಟ್ಟು ಬರುತ್ತಿದ್ದಳು. ಅನುಕೂಲ ಬಂದು ನಾವೆಲ್ಲ ಕರೆದುಕೊಂಡು ಹೋಗುತ್ತೇವೆ ಎನ್ನುವಷ್ಟರಲ್ಲಿ ಅವಳ ಮಂಡಿಗಳು ಸೋತಿದ್ದವು. ಗಾಡಿಯಲ್ಲಿ ಕೂರಿಸಿ ತಳ್ಳುತ್ತೇವೆ ಅಂದೆವು. "ಸುತ್ತು ಹಾಕೋದಕ್ಕೆ ಕಾಲು ಬೇಕಲ್ಲನೇ ಕೂಸೇ" ಅಂದಳು.

ನಾಗತ್ತೆ ಹೋಗಿ ಬಹಳ ವರ್ಷಗಳಾದವು. ಅಮ್ಮ ಹೋದಳು, ಅಪ್ಪ ಹೋದ. ಗಿರಣಿ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಒಳಗೆ ಕಾಲಿಟ್ಟರೆ ಎಷ್ಟು ಚೊಕ್ಕಟವಾಗಿದೆಯೆಂದರೆ ಹುಬ್ಬಿನ ಮೇಲೆ ಒಂದು ಕಣ ಕೂರುವುದಿಲ್ಲ. ಅದೊಂದಕ್ಕೆ ನನಗೆ ಅಳು ಬರುತ್ತದೆ. ಚೀಲದ ನೆನಪೂ ಹಾಗೇ ಎಲ್ಲೋ ಹಿಂದೆ ಸರಿದಿತ್ತು. ನಮ್ಮ ಪ್ರಯಾಣದ ಸುದ್ದಿ ಯಾರಿಂದಲೋ ತಿಳಿದು ಸೀತಕ್ಕನ ಸೊಸೆ ಸುಮಿತ್ರಾ ಫೋನು ಮಾಡಿದಳು, ನಮ್ಮತ್ತೆಗೆ ನಿಮ್ಮನ್ನು ನೋಡಬೇಕಂತೆ ಎಂದು.

ನಿನ್ನೆ ಹೋದೆ. ಸೀತಕ್ಕ ಜಗಲಿಯ ಕುರ್ಚಿಯಲ್ಲಿ ಒಂದು ಹಿಡಿಯಾಗಿ ಕೂತಿದ್ದರು. ಸುಮಿತ್ರಾ ಏಣಿ ಹಾಕಿ ಚೀಲ ಇಳಿಸಿದಳು. ಧೂಳು ಹಾರೀತೆಂದು ಮುಖ ತಿರುಗಿಸಿದವಳಿಗೆ ಬಂದದ್ದು ಲಾವಂಚದ ವಾಸನೆ, ತಣ್ಣಗೆ, ನಿನ್ನೆಮೊನ್ನೆ ಇಟ್ಟಹಾಗೆ. ಬಿಚ್ಚಿ ನೋಡಿದೆ. ಹಸಿರು ಸೀರೆಗೆ ಒಂದು ತೂತಿಲ್ಲ. ಪೊಟ್ಟಣ ಸಹ ಇತ್ತು, ಹೊಗೆಸೊಪ್ಪು ಪುಡಿಯಾಗಿ, ಸುಣ್ಣ ಕಲ್ಲಾಗಿ. ಬೇರು ಮಾತ್ರ ಹೊಸದು.

"ಇದನ್ನು ಯಾರು ಇಟ್ಟರು ಸೀತಕ್ಕ?" ಕಿವಿಯ ಹತ್ತಿರ ಕೂಗಿದೆ.

"ಮೊದಲು ನಾನೇ ಇಡ್ತಿದ್ದೆ. ಏಣಿ ಹತ್ತೋಕಾಗದ ಮೇಲೆ ಸುಮಿತ್ರಾ ಇಡ್ತಾಳೆ," ಅಂದರು, ಅದರಲ್ಲೇನಿದೆ ಎಂಬಂತೆ. "ದಾರೀಲಿರೋರ ಬಟ್ಟೆ ಮುಗ್ಗಲು ಹಿಡೀಬಾರದಲ್ಲ ಮಾರಾಯ್ತಿ."

ನಾಗತ್ತೆ ಸತ್ತ ಮೇಲೆಯೂ ಪ್ರತಿ ಮಳೆಗಾಲದ ಕೊನೆಗೆ ಒಬ್ಬರು ಈ ಮನೆಯಲ್ಲಿ ಏಣಿ ಹತ್ತಿದ್ದಾರೆ. ಕೇಳಲು ಯಾರೂ ಇರಲಿಲ್ಲ, ನೋಡಲು ಯಾರೂ ಇರಲಿಲ್ಲ. ಕೋಟೆ, ಕಮಾನುಗಳನ್ನು ಕಂಡು ಬೆರಗಾಗುವ ವಯಸ್ಸು ದಾಟಿದವಳೆಂದು ಮೊದಲೇ ಹೇಳಿಕೊಂಡೆನಲ್ಲ, ಆ ಚೀಲದ ಮುಂದೆ ನೆಲದ ಮೇಲೆ ಹಾಗೇ ಕೂತುಬಿಟ್ಟೆ.

ಚೀಲ ಎತ್ತಿಕೊಂಡು ಹೊರಟರೆ ಸೀತಕ್ಕ ಕೋಲು ಅಡ್ಡ ಹಿಡಿದರು. "ಎಲ್ಲಿಗೆ?" ಶೃಂಗೇರಿಗೆ ಅಂದೆ, ಅಲ್ಲಿಂದ ಮಂಗಳೂರು, ಅಲ್ಲಿಂದ ವಿಮಾನ. "ಶೃಂಗೇರಿ ತೆಂಕ್ಲಾಗಿ, ದಕ್ಷಿಣಕ್ಕೆ ಅಲ್ಲನಾ? ಇಷ್ಟು ವರ್ಷ ಕಾದು ಹಿಂದಕ್ಕೆ ಹೋಗೋದಾ ಅವಳು? ಹೊರಡೋ ದಿನ ಈ ದಾರೀಲೇ ಬಾ. ಇಲ್ಲಿಂದ ತಗೊಂಡು ಹೋಗು." ಸುಮಿತ್ರಾ ಮತ್ತೆ ಏಣಿ ಹಾಕಿದಳು. ನಾನು ಬರಿಗೈಯಲ್ಲಿ ಬಸ್ಸು ಹತ್ತಿದೆ.

ರಾತ್ರಿ ಊಟಕ್ಕೆ ಕೂತಾಗ ಇವರಿಗೆ ಹೇಳಿದೆ, ವಿಮಾನ ಬೇಡ, ಕೊಪ್ಪ, ನರಸಿಂಹರಾಜಪುರದ ಮೇಲೆ ಬೀರೂರಿಗೆ ಹೋಗಿ ರೈಲು ಹತ್ತೋಣ ಎಂದು. ಒಂದು ವಾರ ಕೂತು ಮಾಡಿದ ಏರ್ಪಾಡೆಲ್ಲ ನೀರಿಗೆ ಹಾಕಿದೆ ಎಂದು ಗೊಣಗಿದರು. ಅತ್ತೆಯ ಸುತ್ತಿನ ಮಾತೆತ್ತಿದ್ದಕ್ಕೆ, ಪಾರ್ಲಿಮೆಂಟಿನ ಹತ್ತಿರಕ್ಕೆ ಬಿಡುವುದಿಲ್ಲ, ಪೊಲೀಸರಿರುತ್ತಾರೆ, ಈಗ ಪಕ್ಕದಲ್ಲಿ ಹೊಸದನ್ನು ಕಟ್ಟಿದ್ದಾರೆ ಅಂದರು. ಹಳೆಯದು ದುಂಡಗೆ ಇದೆಯಲ್ಲ, ಎಷ್ಟು ದೂರದಿಂದ ಬಿಡುತ್ತಾರೋ ಅಷ್ಟು ದೂರದಿಂದ ಸುತ್ತು ಹಾಕುತ್ತೇನೆ, ಇಡೀ ದಿನ ಹಿಡಿದರೂ ಸರಿ, ನನ್ನ ಕಾಲು ಇನ್ನೂ ಗಟ್ಟಿಯಿದೆ ಅಂದೆ. ಇವರು ನನ್ನ ಮುಖ ನೋಡಿದರು. ಕನ್ನಡಕ ಏರಿಸಿ ರೈಲಿನ ಸಮಯ ಹುಡುಕುತ್ತ, ನಿನ್ನ ಚೀಲ ತುಂಬಿ ಆಯಿತಾ ಎಂದು ಕೇಳಿದರು.

ನಂದು ಇನ್ನೂ ಶುರು ಮಾಡಿಲ್ಲ, ಅತ್ತೆ ಆಗಲೇ ಹೊರಟಾಗಿದೆ ಅಂದೆ.