ವನಜ ಬರೆದ ಹೊಳ

ಕಡಲತೀರದ ತ್ರಾಸಿಯಲ್ಲಿ ಒಣಮೀನು ಮಾರುವ ವನಜ ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಆದರೆ ಆಕಾಶದ ವಿಷಯದಲ್ಲಿ ಅವಳ ಕಣ್ಣಿಗೆ ಮಣ್ಣೆರಚುವುದು ಯಾರಿಂದಲೂ ಆಗದು. ಮರಳ ಮೇಲೆ ಬುಟ್ಟಿಗಟ್ಟಲೆ ಮೀನು ಹರಡಿದವಳು ಮೋಡ ನೋಡದೆ ಬದುಕುವುದುಂಟೆ? ಮೈಸೂರಿನ ಸಂಶೋಧಕ ಜಿತೇಂದ್ರ 2009ರಲ್ಲಿ ಅವಳನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ.

ಜ್ವಾಲಾಮುಖಿ ಸಿಡಿದರೆ ಅದರ ಗಂಧಕದ ಹೊಗೆ ಮಳೆಮೋಡಕ್ಕಿಂತ ಎಷ್ಟೋ ಮೇಲೇರಿ, ಸಣ್ಣ ಹನಿಗಳಾಗಿ ತಿಂಗಳುಗಟ್ಟಲೆ ನಿಲ್ಲುತ್ತದೆ. ಅವಕ್ಕೆ ತಾಗಿ ಚದುರುವ ಸೂರ್ಯನ ನೇರಳಾತೀತ ಬೆಳಕನ್ನು ಉಪಗ್ರಹ ಅಳೆಯುತ್ತದೆ. ಅದು ಸರಿಯೇ ಎಂದು ನೋಡಲು ನೆಲದಿಂದಲೂ ಒಬ್ಬರು ಅಳೆಯಬೇಕು. ಉಪಗ್ರಹ ಹಾಯುವ ಮಧ್ಯಾಹ್ನ ಒಂದೂವರೆಗೆ ಅಂಗೈಯಗಲದ ಮೀಟರನ್ನು ಸೂರ್ಯನತ್ತ ಹಿಡಿದು ಪುಸ್ತಕದಲ್ಲಿ ಅಂಕಿ ಬರೆಯುವುದು, ಪಕ್ಕದಲ್ಲಿ ಆಕಾಶ ಹೇಗಿತ್ತೆಂದು ಒಂದು ಮಾತು ಬರೆಯುವುದು, ಇಷ್ಟೇ ಜಿತೇಂದ್ರ ಅವಳಿಗೆ ಕೊಟ್ಟ ಕೆಲಸ. ವನಜ ಜ್ವರ ಬಂದ ದಿನವೂ ತಪ್ಪಿಸಲಿಲ್ಲ. ಜಿತೇಂದ್ರ ಬಂದಾಗಲೆಲ್ಲ ಬಂಗುಡೆ ಸಾರು ಬಡಿಸಿದಳು.

ಒಮ್ಮೆ ಅವನು ಪುಸ್ತಕ ತಿರುವುತ್ತಾ, ಹಲವು ದಿನಗಳೆದುರು ಅವಳು 'ಹೊಳ' ಎಂದು ಬರೆದದ್ದನ್ನು ನೋಡಿ, "ಹೊಳ ಅಂದ್ರೆ ಬಿಸಿಲಾ?" ಎಂದು ಕೇಳಿದ.

"ಅಲ್ಲ ಮಗಾ. ಮಳಿ ನಿಂತದ್ದ್ ಅಷ್ಟೆ. ಮೋಡ ಅಲ್ಲೇ ಇರತ್ತ್."

ಅವನು ತಲೆಯಾಡಿಸಿದ. ತಲೆಯಾಡಿಸಲು ಖರ್ಚೇನೂ ಇಲ್ಲವಲ್ಲ!

2011ರ ಜೂನಿನಲ್ಲಿ ಆಫ್ರಿಕಾದಲ್ಲೊಂದು ಜ್ವಾಲಾಮುಖಿ ಸಿಡಿದು, ಅದರ ಹೊಗೆ ಇಲ್ಲಿನ ಆಕಾಶಕ್ಕೂ ಹರಡಿತು. ಜಿತೇಂದ್ರನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಆ ಮಳೆಗಾಲದ ಹೊಳದ ದಿನಗಳನ್ನೆಲ್ಲ ತಿಳಿ ಬಿಸಿಲೆಂದು ಸೇರಿಸಿಕೊಂಡ. ಮೋಡ ತಡೆದ ಬೆಳಕನ್ನು ಜ್ವಾಲಾಮುಖಿಯೇ ತಡೆದದ್ದೆಂದು ಬರೆದ. ಹೊಗೆಯ ಲೆಕ್ಕ ಉಪಗ್ರಹ ತೋರಿಸಿದ್ದರ ಐದು ಪಟ್ಟು ಬಂತು. ನಂಬಲಾಗದೆ ಅವನ ಪ್ರೊಫೆಸರರು ಅವನನ್ನೂ ಕರೆದುಕೊಂಡು ತ್ರಾಸಿಗೇ ಬಂದರು.

ವನಜಳ ಅಂಗಳದಲ್ಲಿ ನಿಂತು ಪುಸ್ತಕ ತೆರೆದು, ಹೊಳ ಎಂದರೇನು ಎಂದು ಕೇಳಿದರು. ವನಜ ಹೇಳಿದಳು.

"ಇದನ್ನ ಇವನಿಗೆ ಹೇಳಿದ್ರಾ?"

ಅವಳು ಬಾಯಿ ತೆರೆಯುವ ಮೊದಲೇ ಜಿತೇಂದ್ರ, "ಇಲ್ಲ ಸರ್. ಬಿಸಿಲು ಅಂತಲೇ ಹೇಳಿದ್ರು. ಓದಿಲ್ಲದವರು, ಬಾಯಿಗೆ ಬಂದದ್ದು ಹೇಳ್ತಾರೆ" ಎಂದ. ನಾಚಿಕೆಗೆಟ್ಟವನು, ಅವಳ ಮುಖ ಸಹ ನೋಡಲಿಲ್ಲ. ಬೇಲಿಯಾಚೆ ನೆರೆಯವರು ಕೇಳಿಸಿಕೊಳ್ಳುತ್ತಿದ್ದರು. ವನಜ ಅಲ್ಲವೆನ್ನುವಷ್ಟರಲ್ಲಿ ಪ್ರೊಫೆಸರರು ಪುಸ್ತಕ ಮುಚ್ಚಿ ಕಾರಿನತ್ತ ನಡೆದರು.

ಮೀಟರು ತೆಗೆದುಕೊಳ್ಳುವ ನೆಪದಲ್ಲಿ ಜಿತೇಂದ್ರ ಹಿಂದುಳಿದ. "ಬೇಜಾರು ಮಾಡ್ಕೋಬೇಡಿ ವನಜಮ್ಮ. ನನ್ನ ಡಾಕ್ಟರೇಟೇ ಹೋಗ್ತಿತ್ತು. ನಿಮಗೇನು ಹೋಗೋದಿದೆ ಹೇಳಿ" ಎಂದು ಪಿಸುಗುಟ್ಟಿದ.

ವನಜ ಮೀಟರನ್ನು ಅವನ ಕೈಗಿಟ್ಟಳು.

"ಎರಡ್ ವರ್ಷದಲ್ ಒಂದ್ ದಿನವೂ ಸುಳ್ಳ್ ಬರದ್ದಿಲ್ಲೆ ನಾನ್. ನನ್ನ್ ಮಾತೇ ಹೋಯ್ತಲಾ, ಇನ್ನ್ ಹೋಪುಕೆ ಎಂತ ಉಳಿದಿತ್ತ್?"