ಮನೆಯಲ್ಲಿ ಆಡಬಾರದ ಮಾತು

ಅಕ್ಟೋಬರ್ ಸಂಜೆಗಳಲ್ಲಿ ದೆಹಲಿಯ ಹಾಲೆಮರಗಳು ಹೂಬಿಡುತ್ತವೆ. ಆ ಘಾಟು ವಾಸನೆಗೆ ನಿಮಗೆ ತಲೆನೋವು ಬರಬಹುದು. ನನಗೆ ನಾಟಕದ ತಾಲೀಮು ನೆನಪಾಗುತ್ತದೆ.

ಪತ್ರಿಕೆಯೊಂದರ ಡೆಸ್ಕಿನಲ್ಲಿ ವರದಿ ತಿದ್ದುವ ನಾನು ವಾರದ ರಜೆಯ ದಿನ ಇಲ್ಲಿನ ಶಾಲೆಯೊಂದರಲ್ಲಿ ಒಂಬತ್ತನೆಯ ತರಗತಿಗೆ ಹಳೆಯ ಕನ್ನಡ ನಾಟಕಗಳನ್ನು ಕಲಿಸುತ್ತೇನೆ. ಕನ್ನಡ ಲಿಪಿ ಬಾರದ ಮಕ್ಕಳು ಸಂಭಾಷಣೆಯನ್ನು ದೇವನಾಗರಿಯಲ್ಲಿ ಬರೆದುಕೊಂಡು ಬಾಯಿಪಾಠ ಮಾಡುತ್ತಾರೆ. ವಿಶೇಷಣ ಹೊಡೆದುಹಾಕುವುದೇ ಉದ್ಯೋಗವಾದವನು ಪುಟಗಟ್ಟಲೆ ಗೋಳಾಟ ಕಲಿಸುವುದು ತಮಾಷೆಯೇ.

ಕೆಲವು ವರ್ಷಗಳ ಹಿಂದೆ ಕಲಿಸಿದ ನಾಟಕದಲ್ಲಿ ತಾಯಿಯೊಬ್ಬಳು ರಣರಂಗದಲ್ಲಿ ಮಗನ ಹೆಣದ ಮುಂದೆ ಅಳುತ್ತಾಳೆ. ಆ ಪಾತ್ರ ಆರ್.ಕೆ.ಪುರಂ ಸರ್ಕಾರಿ ಕ್ವಾರ್ಟರ್ಸಿನ ಮೇಘನಾಳದು. ಮನೆಯಲ್ಲಿ ಅದನ್ನು ಅಭ್ಯಾಸ ಮಾಡಲು ಅವಳ ಅಜ್ಜಿ, ಅಪ್ಪನ ತಾಯಿ, ಒಪ್ಪಲಿಲ್ಲ. "ದೀಪ ಹಚ್ಚೋ ಹೊತ್ತಲ್ಲಿ ಸಾವಿನ ಮಾತೇನೇ? ಹೊರಗೆ ಹೋಗಿ ಅಳು!"

ಮೇಘನಾ ಬಸ್ ಸ್ಟಾಪಿನಲ್ಲಿ ನಿಂತು ತಾಯಿಯ ಮಾತು ಹೇಳಿ ಅತ್ತಳು. ಹೆಂಗಸೊಬ್ಬಳು ಓಡಿಬಂದು, "ಕ್ಯಾ ಹುವಾ ಬೇಟಾ, ಪರ್ಸ್ ಗಯಾ ಕ್ಯಾ?" ಎಂದಳಂತೆ, ಪರ್ಸ್ ಕಳೆಯಿತೆಂದುಕೊಂಡು. ತರಗತಿಯೆಲ್ಲ ನಕ್ಕಿತು. ನಾನೂ ನಕ್ಕೆ.

ಪ್ರದರ್ಶನಕ್ಕೆ ಮೊದಲೇ ಅವಳ ಅಪ್ಪ ಕಚೇರಿಯಲ್ಲಿ ಎದೆನೋವಿನಿಂದ ಕುಸಿದು ತೀರಿಕೊಂಡರು. ನಾಟಕ ನಿಲ್ಲಿಸಿದೆವು.

ಕರ್ಮಗಳು ಮುಗಿದ ಮೇಲೆ ಶಾಲೆಗೆ ಬಂದ ಮೇಘನಾ ಉಳಿದವರೆಲ್ಲ ಹೋಗುವವರೆಗೆ ಕಾದಳು.

"ಸರ್, ಒಂದಿನ ಪೊಲ್ಯೂಷನ್ ಬಹಳ ಇತ್ತು. ಪಪ್ಪಾನೇ ಹೊರಗೆ ಹೋಗ್ಬೇಡ ಅಂದ್ರು. ಅಜ್ಜಿ ಮಲಗಿದ್ರು. ನಾನು ಘರ್ ಪೇ ಹೀ, ಮನೇಲೇ ಪ್ರಾಕ್ಟೀಸ್ ಮಾಡ್ದೆ. ಪಪ್ಪಾ ಕ್ಲಾಪ್ ಮಾಡಿದ್ರು. ಅದಕ್ಕೇನಾ ಸರ್?"

ಅಲ್ಲ ಎಂದೆ. ಹೃದಯ, ರಕ್ತನಾಳ, ಡಾಕ್ಟರು ಹೇಳಿದ ಕಾರಣ, ಎಲ್ಲವನ್ನೂ ಸ್ಪಷ್ಟವಾಗಿ ವಿವರಿಸಿದೆ. "ಅಚ್ಛಾ" ಎಂದಳು. ನಂಬಿದಂತೆ ಕಾಣಲಿಲ್ಲ.

ಅವರು ಕ್ವಾರ್ಟರ್ಸ್ ಖಾಲಿ ಮಾಡುವ ಮುನ್ನ ಮನೆಗೆ ಹೋಗಿದ್ದೆ. ಮನೆಯಲ್ಲಿ ಅಭ್ಯಾಸ ಮಾಡಿದ್ದನ್ನು ಮೊಮ್ಮಗಳೇ ಹೇಳಿದ್ದಳೋ, ತಾವೇ ಊಹಿಸಿದ್ದರೋ, ಕಟ್ಟಿಟ್ಟ ರಟ್ಟಿನ ಪೆಟ್ಟಿಗೆಗಳ ನಡುವೆ ಕೂತಿದ್ದ ಅಜ್ಜಿ, "ಮೇಷ್ಟ್ರೇ, ಇವಳು ಅವತ್ತಿಂದ ಅತ್ತಿಲ್ಲ. ಆ ತಾಯಿ ಮಾತು ಹೇಳ್ಸಿ. ಇಲ್ಲೇ" ಎಂದರು.

"ಬೇಡ ಅಜ್ಜಿ. ಮನೇಲಿ..." ಎಂದಳು ಮೇಘನಾ.

"ಇನ್ನೇನಾಗ್ಬೇಕೇ ಈ ಮನೇಲಿ? ಮಗನ್ನ ಕಳ್ಕೊಂಡೋಳು ನಾನು. ನಾನು ಕೇಳ್ತೀನಿ, ಹೇಳು."

ಅವಳು ಗೋಡೆ ನೋಡುತ್ತಾ ಶುರುಮಾಡಿದಳು. ಅರ್ಧಕ್ಕೆ ಮಾತು ಮರೆತುಹೋಯಿತು. ಅಜ್ಜಿ ಅವಳ ಕೈ ಎಳೆದು ಪಕ್ಕದಲ್ಲಿ ಕೂರಿಸಿಕೊಂಡು, ಮಗನ ಹೆಸರು ಹಿಡಿದು ಉಳಿದದ್ದನ್ನು ತಾವೇ ಹೇಳತೊಡಗಿದರು. ಅದು ಯಾವ ನಾಟಕದಲ್ಲೂ ಇಲ್ಲ. ನಾನು ಎದ್ದು ಬಾಲ್ಕನಿಗೆ ಹೋದೆ.

ಅವರು ಊರಿಗೆ ಹೊರಟುಹೋದರು. ಆ ಹುಡುಗಿ ತನ್ನನ್ನು ದೂರಿಕೊಳ್ಳುವುದು ಬಿಟ್ಟಳೇ? ಗೊತ್ತಿಲ್ಲ, ಗೊತ್ತಿಲ್ಲದ್ದನ್ನು ಬರೆಯಲಾರೆ.

ಈ ವರ್ಷ ಮತ್ತೆ ಅದೇ ನಾಟಕ. ತಾಯಿಯ ಪಾತ್ರ ಸಿಕ್ಕ ಹುಡುಗಿ ನಿನ್ನೆ, "ಸರ್, ಇದನ್ನ ಮನೇಲಿ ಪ್ರಾಕ್ಟೀಸ್ ಮಾಡ್ಲಾ?" ಎಂದು ಕೇಳಿದಳು.

ಇಂಥ ಅಪಶಕುನಗಳಲ್ಲಿ ನನಗೆ ನಂಬಿಕೆಯಿಲ್ಲ.

"ಇಲ್ಲೇ ಮಾಡಮ್ಮಾ," ಎಂದೆ. "ಎಷ್ಟು ಹೊತ್ತಾದ್ರೂ ಕೂತಿರ್ತೀನಿ."